ಬೀಗರಾಗುವ ಮೊದಲು ಉಂಡ ಊಟ

ಮೊನ್ನೆ ನನ್ನ ಅಂಗಡಿಯ ಪಕ್ಕದ ಚಹಾದವನು ಶುಂಠಿ ಚಹಾ ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತುಬಿಟ್ಟ. ಚಹಾ ಉಕ್ಕಿ ಒಲೆಗೆ ಸುರಿದು, ಸಕ್ಕರೆ ಹೊತ್ತಿ, ಶುಂಠಿಯ ಖಾರ ಮತ್ತು ಸುಟ್ಟ ಸಕ್ಕರೆಯ ವಾಸನೆ ಎರಡೂ ಕೂಡಿಕೊಂಡು ನನ್ನ ಹೊಲಿಗೆ ಯಂತ್ರದ ತನಕ ಬಂದವು. ನಾನು ಪೆಡಲಿನ ಮೇಲಿಂದ ಕಾಲು ತೆಗೆದೆ. ಬ್ಲೌಸಿಗೆ ಕಾಯುತ್ತ ಕೂತಿದ್ದ ಹೆಣ್ಣುಮಗಳು, "ಯಾಕ್ರಿ ಅಕ್ಕಾರ, ದಾರ ಹರೀತೇನು?" ಎಂದಳು. ದಾರ ಹರಿದಿರಲಿಲ್ಲ. ನಾನು ಹೋದ ವರ್ಷದ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ, ಸಾಣಾಪುರದ ಕೆರೆ ದಂಡೆಯ ಆ ದೊಡ್ಡ ಹೋಟೆಲಿನ ಊಟದ ಕೋಣೆಗೆ. ಆಕೆಗೆ ಕಥೆ ಹೇಳಲು ಶುರು ಮಾಡಿದೆ. ಪಾಪ, ಅವಳ ಬ್ಲೌಸು ಮರುದಿನಕ್ಕೆ ಹೋಯಿತು.

ನಾನು ಗಿರಿಜಾ. ಗಂಗಾವತಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ ಎರಡು ವಿಷಯದಲ್ಲಿ ನಾಚಿಕೆ ಇಲ್ಲ, ಒಂದು ಮಾತು, ಇನ್ನೊಂದು ಊಟ. ಒಳ್ಳೆಯ ಊಟದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಹೊಟ್ಟೆ ತುಂಬಿದ್ದರೂ ಬಾಯಲ್ಲಿ ನೀರು ಬರುತ್ತದೆ. ಆದರೆ ಅಡುಗೆ ಮಾಡಲು ಹೇಳಬೇಡಿ. ಆ ಕೈಗುಣವೆಲ್ಲ ದೇವರು ನನ್ನ ತಂಗಿ ನೀಲಾಳಿಗೆ ಕೊಟ್ಟು, ನನಗೆ ಬರೀ ಹಸಿವು ಕೊಟ್ಟ.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ನಾನು, ನೀಲಾ, ಮೂವರೇ. ನಾನು ಗಂಡನ ಮನೆಯಿಂದ ಬಂದು ಅಂಗಡಿ ಹಾಕಿದವಳು. ಅದು ಬೇರೆ ಕಥೆ, ಇಲ್ಲಿ ಬೇಡ. ನೀಲಾ ಬಿ.ಎ. ಮುಗಿಸಿದಳು. ಎಲ್ಲರೂ ಬಿ.ಎಡ್. ಮಾಡು ಎಂದರೆ ಅವಳು ಹೊಸಪೇಟೆಗೆ ಹೋಗಿ ಹೋಟೆಲ್ ಅಡುಗೆಯ ಕೋರ್ಸಿಗೆ ಸೇರಿದಳು. "ಸಾಲ್ಯಾಗ ಹುಡುಗರಿಗೆ ಬೈಯೋಕಿಂತ ಒಲಿ ಮುಂದ ನಿಂದ್ರೋದು ಛಲೋ ಬೇ" ಎಂದು ಅವ್ವನ ಬಾಯಿ ಮುಚ್ಚಿಸಿದಳು.

ಆ ವರ್ಷ ಮಳೆ ಬೇಗ ಹಿಡಿಯಿತು. ಡ್ಯಾಂ ತುಂಬಿ, ಕಾಲುವೆಗೆ ನೀರು ಬಿಟ್ಟು, ಎಲ್ಲಿ ನೋಡಿದರೂ ನಾಟಿ. ಬೆಳಗಿನ ಬಸ್ಸಿನ ತುಂಬ ನಾಟಿ ಹಚ್ಚಲು ಹೋಗುವ ಹೆಣ್ಣುಮಕ್ಕಳು, ಸೊಂಟಕ್ಕೆ ಸೆರಗು ಬಿಗಿದುಕೊಂಡು, ಬುತ್ತಿ ಗಂಟು ಹಿಡಿದು. ಅವರ ನಡುವೆ ನಮ್ಮ ನೀಲಾ, ಇಸ್ತ್ರಿ ಹಾಕಿದ ಬಿಳಿ ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು. ಸಾಣಾಪುರದಲ್ಲಿ ಕಟ್ಟುತ್ತಿದ್ದ ಹೊಸ ಹೋಟೆಲಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮಳೆಗಾಲ ಮುಗಿದು ಪ್ರವಾಸಿಗಳು ಬರುವ ಹೊತ್ತಿಗೆ ಹೋಟೆಲು ಶುರು. ಅಲ್ಲಿಯವರೆಗೆ ಕಲಿಯುವ ಕಾಲ. ಕಲಿತು ಕೈ ಕುದುರಿದರೆ ಸಿಹಿ ತಿನಿಸಿನ ವಿಭಾಗವೇ ಅವಳದು, ಕೆಲಸ ಕಾಯಂ.

ಆ ಹೋಟೆಲಿನ ಊಟ ಎಂಥದ್ದು ಎಂದು ಅವಳು ಮೊದಲ ದಿನ ಬಂದು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅರ್ಧ ಫ್ರಾನ್ಸ್ ದೇಶದ್ದು, ಅರ್ಧ ಚೀನಾದ್ದು, ಎರಡನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಿದ್ದು. ಅವ್ವ ಕೇಳಿದಳು, "ಅವೆರಡೂ ಊರು ಬಾಜೂಕ ಅದಾವೇನ?" ಅಲ್ಲಿನ ಶೆಫ್‌ನ ಅಪ್ಪ ಮೊದಲು ಫ್ರೆಂಚರು ಆಳಿದ ಪಾಂಡಿಚೇರಿಯವರಂತೆ, ತಾಯಿ ಕೋಲ್ಕತ್ತಾದಲ್ಲಿ ಹುಟ್ಟಿ ಬೆಳೆದ ಚೀನೀ ಮನೆತನದವಳಂತೆ. ಅವರ ಮನೆಯಲ್ಲಿ ಈ ಎರಡು ಅಡುಗೆಯೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. ಅದನ್ನೇ ಆ ಮನುಷ್ಯ ಹೋಟೆಲಿಗೆ ತಂದಿದ್ದ. "ಹಂಗಾರ ಅದು ಅವರ ಮನೀ ಅಡಿಗಿನ" ಎಂದಳು ಅವ್ವ. ಅಲ್ಲಿಂದ ಮುಂದೆ ಅವಳಿಗೆ ಅದರ ಬಗ್ಗೆ ಯಾವ ಅನುಮಾನವೂ ಉಳಿಯಲಿಲ್ಲ.

ಆಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ನೀಲಾ ಅಲ್ಲಿ ಕಲಿತಿದ್ದನ್ನು ಇಲ್ಲಿ ಬಂದು ಮಾಡುತ್ತಿದ್ದಳು. ತರಕಾರಿ ತುಂಬಿ ಹಬೆಯಲ್ಲಿ ಬೇಯಿಸುವ ಚೀನೀ ಕಡುಬಿಗೆ ನಿರಿಗೆ ಹಿಡಿಯುವುದನ್ನು ನನಗೂ ಕಲಿಸಲು ನೋಡಿದಳು. ಸೀರೆಗೆ, ಲಂಗಕ್ಕೆ ಎಷ್ಟು ಬೇಕಾದರೂ ನಿರಿಗೆ ಹಿಡಿದೇನು, ಹಿಟ್ಟಿಗೆ ಹಿಡಿಯುವುದು ನನ್ನಿಂದಾಗಲಿಲ್ಲ. ನನ್ನ ಕೈಯಲ್ಲಿ ಅವು ಬಾಯಿ ತೆರೆದುಕೊಂಡು ಹೂರಣ ಕಕ್ಕುತ್ತಿದ್ದವು. ಕಕ್ಕಿದ್ದನ್ನು ನಾನೇ ತಿನ್ನುತ್ತಿದ್ದೆ, ಅದರಲ್ಲೇನೂ ನಷ್ಟವಿರಲಿಲ್ಲ.

ನೀಲಾಳಿಗೆ ತಲೆನೋವಾದದ್ದು ಒಂದು ಸಿಹಿ. ಹಿಂಡಿದ ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದರೆ ಹಾಲು ತಾನಾಗಿ ಗಟ್ಟಿಯಾಗಬೇಕು. ಅದು ಚೀನೀ ಪದ್ಧತಿ. ಮೇಲೆ ಸಕ್ಕರೆ ಉದುರಿಸಿ ಬೆಂಕಿ ತೋರಿಸಿ ಗಾಜಿನ ಹಾಗೆ ಕರಗಿಸಬೇಕು. ಅದು ಫ್ರೆಂಚರದು. ಮೊಟ್ಟೆ ಇಲ್ಲ, ಆದ್ದರಿಂದ ನಮ್ಮಂಥವರೂ ತಿನ್ನಬಹುದು. ಕೇಳಲು ಸುಲಭ. ಮನೆಯಲ್ಲಿ ಒಂದು ದಿನ ಹಾಲು ನೀರಾಗಿಯೇ ಉಳಿಯುತ್ತಿತ್ತು, ಇನ್ನೊಂದು ದಿನ ಒಡೆದು ಮೊಸರಾಗುತ್ತಿತ್ತು. ಅವ್ವ ದಿನಾ ಬೈಯುತ್ತಿದ್ದಳು, ದಿನಾ ಮತ್ತೆ ಹಾಲು ತಂದುಕೊಡುತ್ತಿದ್ದಳು. ಒಂದು ಸಂಜೆ ನೀಲಾ ಎಮ್ಮೆ ಹಾಲು, ನಾರು ಬಂದ ಬಲಿತ ಶುಂಠಿ ತೆಗೆದುಕೊಂಡು, ಒಂದೇ ಸಲಕ್ಕೆ ಸುರಿದು, ಬಟ್ಟಲನ್ನು ಅಲುಗಿಸದೆ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅದರ ಮೇಲೆ ಒಂದು ಚಮಚ ಇಟ್ಟಳು. ಚಮಚ ಮುಳುಗಲಿಲ್ಲ. ಮೂವರೂ ಬಗ್ಗಿ ನೋಡಿದೆವು. ಅವ್ವ ಬೆರಳಿಂದ ಒಂದಿಷ್ಟು ತೆಗೆದು ಬಾಯಿಗಿಟ್ಟು, "ಗಿಣ್ಣ ಐತಲ್ಲೇ ಇದು. ಎಮ್ಮಿ ಈಯದ ಗಿಣ್ಣ ಮಾಡಿದಿ ನೋಡು" ಎಂದಳು. ನಾನು ನೀಲಾಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದೆ. ಅವಳು ನನಗಿಂತ ದಪ್ಪ, ಸೊಂಟ ಹಿಡಿಯಿತು, ಆದರೂ ತಿರುಗಿಸಿದೆ.

ಶ್ರಾವಣದಲ್ಲಿ ಕುಷ್ಟಗಿಯಿಂದ ಒಂದು ಸಂಬಂಧ ಬಂತು. ಹುಡುಗ ಬಸವರಾಜ. ಊರಲ್ಲಿ ಅಣ್ಣನದು ದಾಳಿಂಬೆ ತೋಟ, ಇವನದು ಗಂಗಾವತಿಯಲ್ಲೇ ಹನಿ ನೀರಾವರಿ ಪೈಪಿನ ಅಂಗಡಿ, ಒಂದು ಬಾಡಿಗೆ ಮನೆ. ನೋಡಲು ಬಂದವರು ಮೂವರು. ಹುಡುಗ, ಅವನ ತಾಯಿ ಶಾಂತವ್ವ, ಸೋದರಮಾವ ಶರಣಪ್ಪ. ಈ ಶರಣಪ್ಪ ಮಾವನಿಗೆ ಪದ್ಧತಿ ಎಂದರೆ ಪ್ರಾಣ. ಯಾವ ಕಾಲು ಮುಂದಿಡಬೇಕು, ಯಾರು ಎಲ್ಲಿ ಕೂಡಬೇಕು ಎಲ್ಲ ಅವನೇ ಹೇಳಬೇಕು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮಾತು ಮುಗಿಯುವ ತನಕ ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ. ಮಂಡಕ್ಕಿ ಒಗ್ಗರಣೆ, ಚಹಾ, ಅಷ್ಟೇ. ಅದರಲ್ಲೂ ಸಿಹಿ ಮುಟ್ಟುವಂತಿಲ್ಲ. ಸಿಹಿ ಬಾಯಿಗೆ ಹಾಕಿಕೊಂಡರೆ ಸಂಬಂಧ ಒಪ್ಪಿದ ಹಾಗೆ, ಆಮೇಲೆ ಮಾತು ತಿರುಗಿಸುವಂತಿಲ್ಲ. ಶಾಂತವ್ವ ಎರಡು ಬೆರಳಲ್ಲಿ ನಾಲ್ಕು ಮಂಡಕ್ಕಿ ತಿಂದು ಅರ್ಧ ಬಟ್ಟಲು ಚಹಾ ಕುಡಿದಳು. ನೀಲಾಳನ್ನು ಚೆನ್ನಾಗಿ ನೋಡಿದಳು. ಹುಡುಗನ ಮುಖ ನೋಡಿದರೆ ಅವನು ಆಗಲೇ ಮನಸೋತಿದ್ದ.

"ಹುಡುಗಿ ಛಲೋ ಅದಾಳ," ಎಂದಳು ಶಾಂತವ್ವ. "ಆದ್ರ ಆ ಹೋಟೆಲ್ ಕೆಲಸ ಬಿಡಬೇಕು ನೋಡ್ರಿ. ಮಂದಿ ಎಂಜಲದಾಗ ಕೈಯಾಡಸೋ ಕೆಲಸ ನಮ್ಮ ಮನಿ ಸೊಸಿಗೆ ಬ್ಯಾಡ."

ಅವ್ವ "ಬಿಡ್ತಾಳ್ರಿ" ಎನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ತಲೆ ಬಗ್ಗಿಸಿ ಕೂತಿದ್ದ ನೀಲಾ ತಲೆ ಎತ್ತಿ, "ಬಿಡಂಗಿಲ್ರಿ" ಎಂದಳು.

ಶರಣಪ್ಪ ಮಾವ ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದ. ಬಸವರಾಜ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಾಗಿಲಲ್ಲಿ ನಿಂತೇ ಇದ್ದ. ಒಂದು ಜೊತೆ ಚಪ್ಪಲಿ ಹಾಕಿಕೊಳ್ಳಲು ಅಷ್ಟು ಹೊತ್ತು ಯಾರಿಗೂ ಬೇಕಾಗುವುದಿಲ್ಲ.

ಎರಡು ದಿನ ಅವ್ವ ನೀಲಾಳೊಂದಿಗೆ ಮಾತು ಬಿಟ್ಟಳು. ಅತ್ತ ಬಸವರಾಜ ನನ್ನ ಅಂಗಡಿಗೆ ಬಂದು, ಯಾರದೋ ಬ್ಲೌಸಿನ ಅಳತೆ ಕೇಳುವವನ ಹಾಗೆ ನಿಂತು, ಕೊನೆಗೆ ನೀಲಾಳ ನಂಬರ್ ಕೇಳಿದ. ಕೊಟ್ಟೆ. ಕೊಡದೆ ಏನು ಮಾಡಲಿ? ಹುಡುಗ ಒಳ್ಳೆಯವನು. ಅವರಿಬ್ಬರೂ ದಿನಾ ಮಾತಾಡತೊಡಗಿದರು. ನೀಲಾ ಒಂದು ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, "ಅಕ್ಕಾ, ನನಗ ಅವರೂ ಬೇಕು, ಕೆಲಸಾನೂ ಬೇಕು. ಎರಡೂ ಬೇಕನ್ನೋದು ದುರಾಸಿ ಏನ?" ಎಂದು ಕೇಳಿದಳು. ನಾನು ಒಮ್ಮೆ ಒಂದನ್ನು ಹಿಡಿಯಲು ಹೋಗಿ ಇನ್ನೊಂದನ್ನು ಬಿಟ್ಟವಳು. "ದುರಾಸಿ ಅಲ್ಲವ್ವ, ಹಸಿವು" ಎಂದೆ.

ದಾರಿ ತಾನಾಗಿಯೇ ತೆರೆಯಿತು. ಹೋಟೆಲು ಶುರುವಾಗುವ ಮೊದಲು ಅಡುಗೆಯವರ ಮನೆಮಂದಿಯನ್ನೆಲ್ಲ ಒಂದು ಮಧ್ಯಾಹ್ನ ಕರೆದು ಪೂರ್ತಿ ಊಟ ಹಾಕುವುದಾಗಿ ಶೆಫ್ ಹೇಳಿದರು. ಹೊರಗಿನವರಿಗೆ ಬಡಿಸುವ ಮುಂಚೆ ಒಮ್ಮೆ ಕೈಗೆ ರೂಢಿ ಆಗಬೇಕಲ್ಲ. ನೀಲಾ ಹೇಳಿದಳು, "ಅವರನ್ನೂ ಕರಿಯೋಣು. ನಾ ಏನು ಕೆಲಸ ಮಾಡ್ತೀನಿ, ಕಣ್ಣಿಲೆ ನೋಡ್ಲಿ." ಅವ್ವ ಹಣೆ ಬಡಿದುಕೊಂಡಳು, "ಮಾತು ಮುಗೀಲಾರದ ಅವರನ್ನ ಊಟಕ್ಕ ಕರಿಯೋದೇನ?" ಬಸವರಾಜ ಅತ್ತ ತಾಯಿಯನ್ನು ಗೋಗರೆದ. ಕೊನೆಗೆ ವಿಷಯ ಶರಣಪ್ಪ ಮಾವನ ಕಟ್ಟೆಗೆ ಹೋಯಿತು. ಮಾವ ಫೋನಿನಲ್ಲಿ ತೀರ್ಪು ಕೊಟ್ಟ.

"ಹೋಟೆಲ್ ಅಂದ್ರ ಹೋಟೆಲ್, ಹೆಣ್ಣಿನ ಮನಿ ಅಲ್ಲ. ಉಣ್ಣಾಕ ಅಡ್ಡಿ ಇಲ್ಲ, ಉಂಡ್ರ ಒಪ್ಪಿದಂಗೂ ಅಲ್ಲ. ಆದ್ರ ಸಿಹಿ ಮಾತ್ರ ಮುಟ್ಟಂಗಿಲ್ಲ, ಅದು ಎಲ್ಲಿ ತಿಂದ್ರೂ ಸಿಹೀನ."

ಆ ಊಟದಲ್ಲಿ ನಮ್ಮ ನೀಲಾ ತಾನೇ ತನ್ನ ಕೈಯಾರೆ ಪೂರ್ತಿ ಮಾಡುವುದು ಒಂದೇ ಒಂದು. ಅದೇ ಸಿಹಿ.

ಹೊರಟ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಬಸವರಾಜ ಯಾರದೋ ಕಾರು ತಂದಿದ್ದ. ಮುಂದೆ ಶರಣಪ್ಪ ಮಾವ, ಹಿಂದೆ ಶಾಂತವ್ವ, ಅವ್ವ, ನಡುವೆ ನಾನು. ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ನಡುವೆ ಕೂತ ನಾನು ಇಬ್ಬರ ಪರವಾಗಿಯೂ ಮಾತಾಡಿದೆ. ನಾಟಿ ಮುಗಿದ ಗದ್ದೆಗಳು ಹಸಿರು ಹಿಡಿದಿದ್ದವು. ಆನೆಗೊಂದಿ ದಾಟಿದ ಮೇಲೆ ಬಂಡೆಗುಡ್ಡಗಳೆಲ್ಲ ತೊಯ್ದು ಕರ್ರಗೆ ಮಿಂಚುತ್ತಿದ್ದವು. ಬಾಳೆ ತೋಟದ ಮೇಲೆ ಮಳೆ ಬೀಳುವ ಸದ್ದು ಕಾರಿನೊಳಗೂ ಕೇಳುತ್ತಿತ್ತು. ಕೆರೆ ತುಂಬಿ ದಂಡೆಗೆ ಬಂದಿತ್ತು. ನನಗೆ ಒಳಗೊಳಗೇ ಕುಣಿಯುವಷ್ಟು ಹಿಗ್ಗು. ಬೆಳಗಿನಿಂದ ಬೇಕೆಂದೇ ಒಂದು ತುತ್ತೂ ತಿಂದಿರಲಿಲ್ಲ.

ಹೋಟೆಲಿನ ಬಾಗಿಲಲ್ಲಿ ನಾವು ಐದೂ ಮಂದಿ ಚಪ್ಪಲಿ ಬಿಟ್ಟೆವು. ಒಳಗೆ ಉಣ್ಣುವ ಜಾಗ ಇದೆ ಎಂದ ಮೇಲೆ ಚಪ್ಪಲಿ ಹಾಕಿಕೊಂಡು ಹೋಗುವುದುಂಟೇ? ಬಾಗಿಲು ಕಾಯುವವನು ಗಲಿಬಿಲಿಯಾಗಿ ನಮ್ಮನ್ನೂ ಚಪ್ಪಲಿಯನ್ನೂ ನೋಡಿ, ಕೊನೆಗೆ ಅವನ್ನು ಜೋಡಿ ಮಾಡಿ ಗೋಡೆಗೆ ಇಟ್ಟ. ಒಳಗಿನ ಕಲ್ಲಿನ ನೆಲ ತಣ್ಣಗೆ ಅಂಗಾಲಿಗೆ ಹಿತವಾಗಿತ್ತು. ಒಂದು ಗೋಡೆ ಪೂರ್ತಿ ಗಾಜು, ಗಾಜಿನಾಚೆ ಕೆರೆ. ಬಿಳಿ ಬಟ್ಟೆ ಹಾಸಿದ ಮೇಜುಗಳು, ಒಬ್ಬೊಬ್ಬರ ಮುಂದೆ ಒಂದು ರಾಶಿ ಚಮಚ, ಜೊತೆಗೆ ಎರಡು ನುಣುಪಾದ ಕಡ್ಡಿ. ಶರಣಪ್ಪ ಮಾವ ಕಡ್ಡಿಗಳನ್ನು ಎತ್ತಿ ನೋಡಿ ಸುಮ್ಮನೆ ಕೆಳಗಿಟ್ಟ. ಕಡ್ಡಿಗಳ ಬಗ್ಗೆ ಅವನ ಹತ್ತಿರ ಯಾವ ಪದ್ಧತಿಯೂ ಇರಲಿಲ್ಲ.

ಬಡಿಸಲು ಬಂದವರು ಮಣಿಪುರದ ಕಡೆಯ ಒಬ್ಬ ನಡುವಯಸ್ಸಿನ ಮನುಷ್ಯ. ನಗುಮುಖ, ಬಹಳ ಮರ್ಯಾದೆ. ಕಲಿತ ಕನ್ನಡ ಒಂದೇ ಮಾತು, "ಬೇಕಾ?" ಮೊದಲು ಬುಟ್ಟಿಯಲ್ಲಿ ಬಿಸಿ ಬ್ರೆಡ್ಡು ತಂದರು. ಮೇಲೆ ಗರಿಗರಿ, ಬೆಣ್ಣೆಯ ವಾಸನೆ. ಶಾಂತವ್ವನ ಹತ್ತಿರ ಬಗ್ಗಿ, "ಬೇಕಾ?"

"ಬ್ಯಾಡ್ರಿ," ಎಂದಳು ಶಾಂತವ್ವ.

ಆತ ತಲೆಬಾಗಿ ಮುಂದೆ ಹೋದರು. ಮಾವನಿಗೆ, "ಬೇಕಾ?" "ಸಾಕ್ರಿ, ಸಾಕು." ಬಸವರಾಜ ತಾಯಿಯ ಮುಖ ನೋಡಿ ಬೇಡ ಎಂದ. ಬೀಗರಾಗುವವರೇ ಬೇಡ ಎಂದ ಮೇಲೆ ಅವ್ವ ಹೇಗೆ ಬೇಕು ಎಂದಾಳು? ಅವಳೂ ಬೇಡ ಎಂದಳು. ಹೊಟ್ಟೆ ಚುರುಗುಟ್ಟುತ್ತಿದ್ದ ನಾನೂ ಬೇಡ ಎಂದೆ. ಬುಟ್ಟಿ ಹೊರಟುಹೋಯಿತು.

ನಮ್ಮ ಕಡೆಯ ಊಟ ಬಲ್ಲವರಿಗೆ ಇದು ಗೊತ್ತು. ಮೊದಲ ಸಲ ಕೇಳಿದಾಗ ಬೇಕು ಎನ್ನುವವರು ಹೊಟ್ಟೆಬಾಕರು. ಬೇಡ ಎನ್ನಬೇಕು, ಬಡಿಸುವವರು "ಏ ಹಾಕ್ಸೊಳ್ರಿ" ಎನ್ನಬೇಕು. ಎರಡನೆಯ ಸಲ ಇನ್ನಷ್ಟು ಮೆತ್ತಗೆ ಬೇಡ ಎನ್ನಬೇಕು. ಮೂರನೆಯ ಸಲ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಬೆರಳುಗಳ ನಡುವೆ ಸಾರು ಇಳಿಯುವಷ್ಟು ಜಾಗ ಬಿಟ್ಟು. ಒತ್ತಾಯವಿಲ್ಲದ ಊಟ ನಮಗೆ ಊಟವೇ ಅಲ್ಲ. ಆ ಮಣಿಪುರದವರ ಊರಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥವಿರಬೇಕು.

ಬ್ರೆಡ್ಡಿನ ಹಿಂದೆಯೇ ದೊಡ್ಡ ಪಾತ್ರೆಯಲ್ಲಿ ಸೂಪು ಬಂತು. ಈರುಳ್ಳಿಯನ್ನು ಬೆಣ್ಣೆಯಲ್ಲಿ ತಾಸುಗಟ್ಟಲೆ ಹುರಿದು ಮಾಡಿದ ಫ್ರೆಂಚ್ ಸೂಪು, ಅದರಲ್ಲಿ ತೇಲುವ ಚೀನೀ ಕಡುಬುಗಳು. ಆ ವಾಸನೆಗೆ ಅವ್ವನ ಕಣ್ಣು ತಾವಾಗಿ ಮುಚ್ಚಿದವು. "ಬೇಕಾ?" "ಬ್ಯಾಡ್ರಿ." ಸೂಪೂ ಹೋಯಿತು. ಪಕ್ಕದ ಮೇಜಿನವರು ಚಪ್ಪರಿಸಿಕೊಂಡು ಉಣ್ಣುತ್ತಿದ್ದರು. ಹಬೆಯಾಡುವ ಇನ್ನೊಂದು ಬುಟ್ಟಿ ಬಂತು, ನಮ್ಮ ಮೇಜು ಸುತ್ತಿ ಬಂದ ದಾರಿಯಲ್ಲೇ ಹೋಯಿತು. ಶರಣಪ್ಪ ಮಾವ ತಡೆಯಲಾರದೆ ಬಾಯಿಬಿಟ್ಟ, "ಏನ್ ಮಂದಿ ಇವರು. ಒಂದ್ ಮಾತರ ಒತ್ತಾಯ ಬ್ಯಾಡೇನು?" ಶಾಂತವ್ವ ಬೆನ್ನು ನೆಟ್ಟಗೆ ಮಾಡಿ ಕೆರೆ ನೋಡುತ್ತ ಕೂತಿದ್ದಳು. ಅವಳ ಮುಖ ಬಿಗಿದಿತ್ತು. ಇದು ಹೀಗೇ ಮುಗಿದರೆ ಸಂಬಂಧವೂ ಮುಗಿಯಿತು, ನಮ್ಮನ್ನು ಕರೆದು ಖಾಲಿ ತಟ್ಟೆ ಇಟ್ಟರು ಎಂದು ಕುಷ್ಟಗಿ ತುಂಬ ಹೇಳುತ್ತಾಳೆ ಎಂದು ನನಗೆ ಗಾಬರಿಯಾಯಿತು.

ಎದ್ದು ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋದೆ. ಒಳಗೆ ಶೆಫ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಐದು ಮಂದಿಯೂ ಏನೂ ಮುಟ್ಟುತ್ತಿಲ್ಲ ಎಂದು ಕೇಳಿ ಆ ಮನುಷ್ಯನ ಮುಖ ಸಣ್ಣದಾಗಿತ್ತು. ನೀಲಾಳಿಗೆ ಹೇಳಿದೆ, "ನಿಮ್ಮವರು ಬ್ಯಾಡ ಅಂದ ಕೂಡಲೇ ಹೊಂಟುಹೋಗಾಕತ್ತಾರ. ನಾವು ಉಪವಾಸ ಕುಂತೇವಿ." ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶೆಫ್‌ಗೆ ಹಿಂದಿಯಲ್ಲಿ ಏನೋ ವಿವರಿಸಿ, ಸೂಪಿನ ಪಾತ್ರೆ ತಾನೇ ಎತ್ತಿಕೊಂಡಳು.

ಬಿಳಿ ಕೋಟು, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಸೌಟು. ನನ್ನ ತಂಗಿಯನ್ನು ಆ ವೇಷದಲ್ಲಿ ಮೊದಲ ಸಲ ಕೆಲಸದ ಜಾಗದಲ್ಲಿ ನೋಡಿದೆ.

"ಹಾಕ್ಸೊಳ್ರಿ ಅಮ್ಮಾರ."

"ಬ್ಯಾಡವಾ," ಎಂದಳು ಶಾಂತವ್ವ.

"ಒಂದ ಸೌಟು. ಕಡಬಿಗೆ ನಾನ ನಿರಿಗಿ ಹಿಡದೇನಿ."

"ಏ, ಸಾಕಂದ್ನೆಲ್ಲ."

"ಹಂಗಂದ್ರ ಹೆಂಗ್ರಿ, ಇಷ್ಟ ದೂರ ಬಂದೀರಿ."

ಶಾಂತವ್ವ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದಳು. ಬೆರಳುಗಳ ನಡುವೆ ಜಾಗ ಇತ್ತು. ನೀಲಾ ಸುರಿದಳು.

ಅಬ್ಬಾ, ಆಮೇಲಿನ ಊಟ ಏನು ಹೇಳಲಿ. ಈರುಳ್ಳಿ ಅಷ್ಟು ಸಿಹಿಯಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಕಡುಬು ಬಾಯಲ್ಲಿ ಒಡೆದರೆ ಒಳಗಿನ ಎಲೆಕೋಸಿನ ಬಿಸಿ ರಸ ನಾಲಿಗೆಯ ತುಂಬ. ವಾಪಸು ಹೋಗಿದ್ದ ಬ್ರೆಡ್ಡು ಮರಳಿ ಬಂತು, ನಾವೆಲ್ಲ ಅದನ್ನು ರೊಟ್ಟಿಯ ಹಾಗೆ ಮುರಿದು ಸೂಪಿನಲ್ಲಿ ಅದ್ದಿದೆವು. ಪೇಪರಿನಷ್ಟು ತೆಳ್ಳಗಿನ ಫ್ರೆಂಚ್ ದೋಸೆಯಲ್ಲಿ ಅಣಬೆ ಸುತ್ತಿ, ಮೇಲೆ ಹುಣಸೆ ಬೆಲ್ಲದ ಗೊಜ್ಜಿನಂಥ ಕಪ್ಪು ಚೀನೀ ಸಾಸು. ಅದನ್ನು ಶಾಂತವ್ವ ಎರಡು ತಿಂದಳು, ಎರಡಕ್ಕೂ ಬೇಡ ಎಂದೇ ತಿಂದಳು. ಬೆಣ್ಣೆಯಲ್ಲಿ ಹುರಿದ ಬೀನ್ಸಿಗೆ ಚೀನಾದ ಒಂದು ಥರದ ಮೆಣಸು ಹಾಕಿದ್ದರು. ಅದು ಖಾರವಲ್ಲ, ಜುಮ್ಮೆನ್ನುತ್ತದೆ. ಶರಣಪ್ಪ ಮಾವ ಅಗಿಯುವುದನ್ನು ನಿಲ್ಲಿಸಿ, "ಬಸ್ಯಾ, ನನ್ನ ನಾಲಿಗಿ ಐತೋ ಇಲ್ಲೋ ನೋಡೋ" ಎಂದು ಬಾಯಿ ತೆರೆದು ತೋರಿಸಿದ. ನೀಲಾ ನಕ್ಕು ನೀರು ಕೊಟ್ಟಳು. ಅವ್ವ ನಕ್ಕಳು. ಶಾಂತವ್ವನೂ ಸೆರಗು ಬಾಯಿಗಿಟ್ಟು ನಕ್ಕಳು, ಅವ್ವನ ಭುಜಕ್ಕೆ ಭುಜ ತಾಗಿಸಿ. ಬಸವರಾಜ ಏನು ತಿನ್ನುತ್ತಿದ್ದಾನೆ ಎಂದು ಅವನಿಗೇ ಗೊತ್ತಿರಲಿಲ್ಲ, ಅವನ ಕಣ್ಣು ಸೌಟು ಹಿಡಿದ ಕೈಯ ಹಿಂದೆಯೇ ಹೋಗುತ್ತಿತ್ತು. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡೆ.

ಆಗ ಸಿಹಿ ಬಂತು. ಪುಟ್ಟ ಬಿಳಿ ಬಟ್ಟಲುಗಳು, ಮೇಲೆ ಕಂದು ಗಾಜಿನಂಥ ಸಕ್ಕರೆಯ ಪದರ. ನೀಲಾ ಒಂದೊಂದಾಗಿ ಎಲ್ಲರ ಮುಂದೆ ಇಟ್ಟಳು. ಶರಣಪ್ಪ ಮಾವನಿಗೆ ನಾಲಿಗೆ ಮರಳಿ ಬಂದಿತ್ತು, ಒಮ್ಮೆ ಕೆಮ್ಮಿದ. ಶಾಂತವ್ವ ಕೈಗೆತ್ತಿಕೊಂಡಿದ್ದ ಚಮಚ ಕೆಳಗಿಟ್ಟಳು.

"ಸಿಹಿ ಬ್ಯಾಡ," ಎಂದಳು.

ಎಲ್ಲರೂ ನೀಲಾಳನ್ನು ನೋಡಿದೆವು. ಇಷ್ಟು ಹೊತ್ತು ಒಬ್ಬೊಬ್ಬರಿಗೂ ಮೂರು ಮೂರು ಸಲ ಒತ್ತಾಯ ಮಾಡಿ ಬಡಿಸಿದವಳು ಈಗ ಬಾಯಿ ಬಿಡಲಿಲ್ಲ. ಒತ್ತಾಯ ಮಾಡೇ, ಇನ್ನೊಮ್ಮೆ ಅನ್ನೇ ಎಂದು ನಾನು ಕಣ್ಣಲ್ಲೇ ಹೇಳುತ್ತಿದ್ದೆ.

"ಅಮ್ಮಾರ, ಇದಕ್ಕ ನಾ ಒತ್ತಾಯ ಮಾಡಂಗಿಲ್ರಿ," ಎಂದಳು ನೀಲಾ. "ಇದನ್ನ ಉಂಡ್ರ ಒಪ್ಪಿದಂಗ. ಒಪ್ಪಿದಮ್ಯಾಲ ಕೆಲಸ ಬಿಡು ಅಂತೀರಿ. ನಿಮ್ಮ ಮಗನ್ನ ನಾ ಒಲ್ಲೆ ಅನ್ನಂಗಿಲ್ಲ. ಕೆಲಸಾನೂ ಬಿಡಂಗಿಲ್ಲ. ನಗಿಯಾಡಿಕೋತ ನಿಮಗ ಮಾತು ಮರಸಿ ಉಣಸಿದೆ ಅಂತ ನಾಳೆ ಆಗಬಾರದು."

ಹಾಗೆಂದು ಬಗ್ಗಿ ಶಾಂತವ್ವನ ಮುಂದಿನ ಬಟ್ಟಲನ್ನು ಎತ್ತಿಕೊಂಡಳು.

ಅವ್ವ ಬೆಚ್ಚಿಬಿದ್ದಳು. "ನೀಲಾ, ಉಣ್ಣೋರ ಮುಂದಿನ ತಾಟು ಎತ್ತತಾರೇನ?" ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಪಮಾನ ಇಲ್ಲ. ಹಗೆಯವನು ಉಣ್ಣಲು ಕೂತರೂ ಅವನು ಏಳುವ ತನಕ ತಟ್ಟೆ ಮುಟ್ಟುವುದಿಲ್ಲ. ಶರಣಪ್ಪ ಮಾವ ಶಲ್ಯಕ್ಕೆ ಕೈ ಹಾಕಿದ್ದ.

ಶಾಂತವ್ವ ನೀಲಾಳ ಮುಂಗೈ ಹಿಡಿದಳು.

"ಇಡು ಅದನ್ನ ಕೆಳಗ. ಒಂದ ಸಲ ಬ್ಯಾಡ ಅಂದ್ರ ಎತ್ಕೊಂಡು ಹೋಗೋದು ಆ ಪರವೂರವ್ರಿಗೆ ಒಪ್ಪತೈತಿ, ನಿನಗ ಒಪ್ಪಂಗಿಲ್ಲ."

ನೀಲಾ ಇಟ್ಟಳು. ಶಾಂತವ್ವ ಕೈ ಬಿಡಲಿಲ್ಲ.

"ನೀ ಉಂಡಿಯೇನು?"

"ಆಮ್ಯಾಲ ಉಣ್ತೀನ್ರಿ."

"ಆಮ್ಯಾಲ ಅಂದ್ರ?"

"ಎಲ್ಲಾರದೂ ಮುಗದಮ್ಯಾಲ."

ಶಾಂತವ್ವ ಅವ್ವನ ಕಡೆ ತಿರುಗಿದಳು. "ನೋಡ್ರಿ ಅಕ್ಕಾರ, ಅವತ್ತ ನಿಮ್ಮ ಮನ್ಯಾಗ ನಾ ಎಂಜಲದ ಮಾತು ಆಡಿದೆ. ಅದು ಬರೇ ಮಾತಿಗೆ ಆಡಿದ್ದು. ನನ್ನ ಹೊಟ್ಟ್ಯಾಗಿನ ಸಂಕಟ ಬ್ಯಾರೆ ಐತಿ. ನಾ ಆ ಮನಿಗೆ ಬಂದಾಗ ತುಂಬಿದ ಮನಿ, ಮ್ಯಾಲ ತೋಟದ ಆಳು. ಮುಂಜಾನಿಂದ ರೊಟ್ಟಿ ಬಡದು ಬಡದು ಎಲ್ಲಾರಿಗೂ ಹಾಕಿ ನಾ ಕುಂದರೋ ಹೊತ್ತಿಗೆ ಬುಟ್ಟ್ಯಾಗ ರೊಟ್ಟಿ ಇರ್ತಿದ್ದಿಲ್ಲ. ಇಷ್ಟ ವರ್ಷದಾಗ ಶಾಂತವ್ವ ನೀ ಉಂಡೇನು ಅಂತ ಒಬ್ರರ ಕೇಳಿಲ್ಲ. ಈಕಿ ಇಲ್ಲಿ ದಿನಪೂರ್ತಿ ಮಂದಿಗೆ ಹಾಕ್ತಾಳ. ಮನಿಗೆ ಹೋಗಿ ಇವಗ ಹಾಕ್ತಾಳ. ಈಕಿಗೆ ಹಾಕೋರು ಯಾರ್ರಿ?"

ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾನೂ ಅತ್ತೆ, ಮುಚ್ಚಿಡುವುದೇನು. ಆ ಹೆಂಗಸನ್ನು ಎರಡು ತಿಂಗಳಿಂದ ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ, ಅದೆಲ್ಲ ನೀರಾಗಿ ಹೋಯಿತು.

ಶಾಂತವ್ವ ಮಗನನ್ನು ನೋಡಿದಳು. "ಬಸೂ, ಬಾಯಿಲ್ಲೇನು ನಿನಗ?"

"ನಾ ಹಾಕ್ತೀನಬೇ," ಎಂದ ಬಸವರಾಜ.

"ಬಾಯಿಲೆ ಅಲ್ಲ. ಹಾಕು, ನೋಡೋಣು."

ಬಸವರಾಜ ಎದ್ದ ರಭಸಕ್ಕೆ ಚಮಚಗಳೆಲ್ಲ ಝಲ್ಲೆಂದು ನೆಲಕ್ಕೆ ಬಿದ್ದವು. ಅವನು ತನ್ನ ಕುರ್ಚಿಯನ್ನೇ ಎಳೆದು ನೀಲಾಳಿಗೆ ಕೊಟ್ಟು, "ಕುಂದರ್ರಿ" ಎಂದ. ಬಿಳಿ ಟೋಪಿ ಹಾಕಿಕೊಂಡೇ ಅವಳು ಕೂತಳು. ಬರಿಗಾಲಲ್ಲಿ ಆ ಕೋಣೆ ದಾಟಿ ಅವನು ಸೂಪಿನ ಪಾತ್ರೆ ಹಿಡಿದುಕೊಂಡು ಬಂದ. ಬಟ್ಟಲಿಗೆ ಬಿದ್ದದ್ದಕ್ಕಿಂತ ಬಿಳಿ ಬಟ್ಟೆಯ ಮೇಲೆ ಬಿದ್ದದ್ದು ಹೆಚ್ಚು. ಪಕ್ಕದ ಮೇಜಿನವರು ಉಣ್ಣುವುದು ಬಿಟ್ಟು ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಶೆಫ್ ನಿಂತಿದ್ದರು, ಅವರ ಹಿಂದೆ ಮಣಿಪುರದವರು.

"ಇನ್ನೊಂದ ಸೌಟು?" ಎಂದ ಬಸವರಾಜ.

"ಸಾಕ್ರಿ," ಎಂದಳು ನೀಲಾ.

ಅವನು ಸೌಟನ್ನು ಹಾಗೇ ವಾಪಸು ಪಾತ್ರೆಗೆ ಹಾಕಿದ.

"ಹಾಕಲೇ ಹುಚ್ಚಪ್ಯಾಲಿ," ಎಂದಳು ಶಾಂತವ್ವ. ನಾನು ಅಳುತ್ತಿದ್ದವಳು ಬಿದ್ದು ಬಿದ್ದು ನಕ್ಕೆ, ಅವ್ವನೂ ನಕ್ಕಳು, ಕೊನೆಗೆ ನೀಲಾಳಿಗೂ ತಡೆಯಲಾಗಲಿಲ್ಲ. ಶರಣಪ್ಪ ಮಾವ ಮಾತ್ರ ಗಂಭೀರವಾಗಿ, ಲಗ್ನಕ್ಕೆ ಮುಂಚೆ ಗಂಡು ಹೆಣ್ಣಿಗೆ ಬಡಿಸುವ ಪದ್ಧತಿ ಎಲ್ಲಿಯೂ ಇಲ್ಲ ಎಂದ.

ನೀಲಾ ಉಂಡಳು. ಸೂಪು, ಬ್ರೆಡ್ಡು, ದೋಸೆ, ಎಲ್ಲವನ್ನೂ ಅವನು ತಂದು ಹಾಕಿದ, ಅವಳು ಬೇಡ ಎಂದಾಗಲೆಲ್ಲ ತಾಯಿಯ ಮುಖ ನೋಡಿ ಇನ್ನಷ್ಟು ಹಾಕಿದ. ಅವಳ ಬಟ್ಟಲು ಖಾಲಿಯಾಗುವ ತನಕ ಶಾಂತವ್ವ ಕೈಕಟ್ಟಿ ಕೂತು ನೋಡಿದಳು. ಆಮೇಲೆ ತನ್ನ ಮುಂದಿದ್ದ ಬಿಳಿ ಬಟ್ಟಲು ಹತ್ತಿರ ಎಳೆದುಕೊಂಡು, ಚಮಚದಿಂದ ಸಕ್ಕರೆಯ ಪದರ ಒಡೆದು, ಒಂದು ತುತ್ತು ಬಾಯಿಗಿಟ್ಟಳು. ಅವಳು ಎರಡನೆಯ ತುತ್ತು ತಿಂದಳು, ಮೂರನೆಯದು ತಿಂದಳು, ಬಟ್ಟಲಿನ ತಳ ಕೆರೆದು ತಿಂದಳು. ತಿಂದು ಮುಗಿಸಿ, ಬಾಯಿ ಒರೆಸಿಕೊಂಡು, ನೀಲಾಳಿಗೆ ಹೇಳಿದಳು.

"ಲಗ್ನದ ದಿನ ಒಂದ ದಿನ ನೀ ಒಲಿ ಕಡೆ ಹಾಯಂಗಿಲ್ಲ, ಕುಂತು ಉಣ್ಣಬೇಕು. ಮರುದಿವಸದಿಂದ ನಿನ್ನ ಕೆಲಸಕ್ಕ ನೀ ಹೋಗು. ನೀ ತಿರಗಿ ಬರೋದ್ರಾಗ ಅಡಿಗಿ ಮಾಡಿ ಇಡೋದು ಇವನ ಕೆಲಸ."